ಎಮ್ಮಿಗೆ ಅಂದರೆ ಒಂದು ಊರು

ಹದಿನಾರು. ಅದು ಊರೋ, ಲೆಕ್ಕವೋ?

ಬೆಳಗಿನ ಐದೂ ಮುಕ್ಕಾಲು. ತಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ಫೋನ್ ಕಿವಿಗೊತ್ತಿಕೊಂಡು ನಿಂತಿರುವ ಅಮೃತೇಶ್ ಅವರ ತಲೆಯಲ್ಲಿ ಓಡುತ್ತಿರುವುದು ಇದೊಂದೇ ಪ್ರಶ್ನೆ. ಆ ಕಡೆಯ ಗಂಡಸಿಗೆ ಏದುಸಿರು. "ಅದಿನಾರು ಸಾ, ಟೆಂಪೋ ಮೊಗಚ್ಕಂಡದೆ, ಬ್ಯಾಗ ಬನ್ನಿ." ಹದಿನಾರು ಜನಕ್ಕೆ ಪೆಟ್ಟಾಗಿದ್ದರೆ ಒಂದು ಗಾಡಿ ಸಾಲದು. ನಂಜನಗೂಡಿನ ಗಾಡಿಯನ್ನೂ ಎಬ್ಬಿಸಬೇಕು, ಮೈಸೂರಿನ ಆಸ್ಪತ್ರೆಗೆ ತಿಳಿಸಬೇಕು. ಹದಿನಾರು ಎಂಬ ಊರಾದರೆ ಸುಮ್ಮನೆ ಹೊರಟರಾಯಿತು. ಕೇಳಿದರೆ ಆತ ರೇಗಬಹುದು. ಕೇಳದಿದ್ದರೆ?

"ಅಣ್ಣ, ಒಂದೇ ನಿಮಿಷ. ಹದಿನಾರು ಅಂದದ್ದು ಊರಾ, ಜನದ ಲೆಕ್ಕವಾ?"

"ಊರು ಕಣ್ ಸಾ! ಜನ ನಾಕೇ. ಒಬ್ಬಂದು ಕಾಲು ಮುರ್ದದೆ."

"ಅವರನ್ನ ಎತ್ತಬೇಡಿ, ಹಂಗೇ ಮಲಗಿಸಿರಿ. ಹೊರಟ್ವಿ."

ಅಷ್ಟರಲ್ಲಿ ಚಾಲಕ ಮರಿಸ್ವಾಮಿ ಗಾಡಿ ತಿರುಗಿಸಿ ನಿಲ್ಲಿಸಿದ್ದಾರೆ. ಹದಿನೆಂಟು ವರ್ಷ ಲಾರಿ ಓಡಿಸಿ ಇತ್ತ ಬಂದ ಮನುಷ್ಯ. ಕಿಟಕಿಯಿಂದ ತಲೆ ಹಾಕಿ ರೇಗಿಸುತ್ತಾರೆ: "ಏನಂತೆ, ಅಕಾರದ ಡಾಕ್ಟ್ರೇ? ಊರೇ ತಾನೆ? ನನ್ ಕೇಳಿದ್ರೆ ಮಲಗಿದ್ದಲ್ಲೇ ಹೇಳ್ತಿದ್ದೆ." ಅಮೃತೇಶ್ ನಗುವುದಿಲ್ಲ. ಚೀಲ ಹತ್ತಿಸಿ, ಆಮ್ಲಜನಕದ ಸಿಲಿಂಡರಿನ ಮುಳ್ಳು ನೋಡಿ, ಬಾಗಿಲು ಎಳೆದುಕೊಳ್ಳುತ್ತಾರೆ. ಗಾಡಿ ಕಪಿಲಾ ಹೊಳೆಯ ಕಡೆಗಿನ ರಸ್ತೆ ಹಿಡಿಯುತ್ತದೆ.

ಇಪ್ಪತ್ತಮೂರು ವರ್ಷದ ಅಮೃತೇಶ್ ಇನ್ನೂ ತರಬೇತಿಯಲ್ಲಿದ್ದಾರೆ. ಮೈಸೂರಿನಲ್ಲಿ ಒಂದು ವರ್ಷದ ತುರ್ತುಚಿಕಿತ್ಸಾ ಸಹಾಯಕರ ಕೋರ್ಸು. ವಾರಕ್ಕೆ ಎರಡು ದಿನ ಪಾಠ, ನಾಲ್ಕು ದಿನ ಗಾಡಿ. ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳಿಗೆ ಒಂದು ಸೇವಾ ಸಮಿತಿ ಇಟ್ಟಿರುವ ಎರಡು ಆಂಬುಲೆನ್ಸ್‌ಗಳಲ್ಲಿ ಇದೊಂದು. ಪಾಳಿ ಹನ್ನೆರಡು ಗಂಟೆ. ದಿನಕ್ಕೆ ಒಂದೆರಡು ಕರೆ, ಸುಗ್ಗಿಯಲ್ಲಿ ನಾಲ್ಕಾದದ್ದೂ ಇದೆ. ಕಳೆದ ಜೂನ್‌ನಿಂದ ಈ ಮಾರ್ಚ್‌ವರೆಗೆ ಇವರು ಹೋಗಿಬಂದ ಕರೆಗಳು ಇನ್ನೂರ ಹನ್ನೆರಡು. ಅವುಗಳಲ್ಲಿ ನಲವತ್ತೇಳು ಹೆರಿಗೆ, ಹತ್ತೊಂಬತ್ತು ಹಾವು ಕಚ್ಚಿದ್ದು, ಉಳಿದವು ಬೈಕು, ಟ್ರ್ಯಾಕ್ಟರು, ಎದೆನೋವು. ಆರು ಮಕ್ಕಳು ಗಾಡಿಯಲ್ಲೇ ಹುಟ್ಟಿದ್ದಾರೆ.

ಫೋನ್ ಎತ್ತುವುದೂ ತರಬೇತಿಯವರ ಕೆಲಸವೇ. ಮೈಸೂರಿನ ಪಾಠದಲ್ಲಿ ಎದೆ ಒತ್ತುವುದನ್ನು ಕಲಿಸಿದರು, ಮುರಿದ ಮೂಳೆಗೆ ಪಟ್ಟಿ ಕಟ್ಟುವುದನ್ನು ಕಲಿಸಿದರು. ಕೇಳಿಸಿಕೊಳ್ಳುವುದನ್ನು ಕಲಿಸುವ ಪಾಠ ಇರಲಿಲ್ಲ. ಅದಕ್ಕೆ ಅಮೃತೇಶ್ ತಾವೇ ಒಂದು ನೋಟ್‌ಬುಕ್ ಮಾಡಿಕೊಂಡಿದ್ದಾರೆ. ಪುಟದ ನಡುವೆ ಗೆರೆ. ಎಡಕ್ಕೆ ಊರಿನ ಹೆಸರು ಫೋನಿನಲ್ಲಿ ಕೇಳಿಸುವ ಹಾಗೆ, ಬಲಕ್ಕೆ ಬೋರ್ಡಿನಲ್ಲಿ ಇರುವ ಹಾಗೆ. ಅದಿನಾರು, ಹದಿನಾರು. ಉಲ್ಲಳ್ಳಿ, ಹುಲ್ಲಹಳ್ಳಿ. ಎಡ್ತಲೆ, ಹೆಡತಲೆ.

ಎಡ್ತಲೆಯ ಕಥೆಯನ್ನು ಮರಿಸ್ವಾಮಿ ಯಾರು ಸಿಕ್ಕರೂ ಹೇಳುತ್ತಾರೆ. "ಅಲ್ಲಿಂದ ಒಬ್ಬ ಫೋನ್ ಮಾಡಿ ಎಡ್ತಲೆ ಸಾ, ಎಡ್ತಲೆ ಅಂತವ್ನೆ. ಇವ್ರು, ಎಡಗಡೆ ತಲೆಯಾ, ರಕ್ತ ಬರ್ತಿದೆಯಾ ಅಂತವ್ರೆ. ಅವ್ನು, ಊರಿಗ್ಯಾಕ್ ಸಾ ರಕ್ತ ಬತ್ತದೆ, ಬತ್ತಿರೋದು ನಮ್ಮಪ್ಪಂಗೆ ಅಂದ!"

ಈ ಕಥೆಗೆ ಅಮೃತೇಶ್ ನಗುತ್ತಾರೆ. ನೋಟ್‌ಬುಕ್ಕಿನ ಮೊದಲ ಸಾಲಿನ ಬಗ್ಗೆ ಕೇಳಿದರೆ ನಗು ನಿಲ್ಲುತ್ತದೆ. ಎಡಕ್ಕೆ ಎಮ್ಮಿಗೆ, ಬಲಕ್ಕೆ ಹೆಮ್ಮಿಗೆ.

ಅಮೃತೇಶ್ ತಗಡೂರಿನವರು. ತಂದೆ ಸಿದ್ದಮಲ್ಲಪ್ಪನವರಿಗೆ ಎರಡು ಎಕರೆ ಗದ್ದೆ. ತಾಯಿ ಸರ್ವಮಂಗಳಾ ಮನೆಯಲ್ಲಿ ಎರಡು ಎಮ್ಮೆ ಸಾಕಿ ಡೇರಿಗೆ ಹಾಲು ಹಾಕುತ್ತಾರೆ. ಮನೆಯಲ್ಲಿ ಯಾರ ಬಾಯಲ್ಲೂ ಹಕಾರವಿಲ್ಲ. ಹೈಸ್ಕೂಲಿಗೆ ನಂಜನಗೂಡಿಗೆ ಬಂದಾಗ ಇವರು "ಅಳ್ಳಿ" ಎಂದು ಓದಿದರು, ತರಗತಿ ನಕ್ಕಿತು. ಕನ್ನಡದ ಮೇಷ್ಟ್ರು ನಗಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳು, ಅಂಗೈಗೆ ಬಿಸಿ ತಾಗಿದರೆ ಅದೇ ಹಕಾರ ಎಂದು ಹೇಳಿಕೊಟ್ಟರು. ಹುಡುಗ ಬಸ್ಸಿನಲ್ಲೂ ಅಂಗೈ ಹಿಡಿದು ಕಲಿತ.

"ಅದೇನೋ ಅಕಾರ ಅಂತೆ, ಕಲ್ತ್ಕಂಡು ಬಂದ" ಎಂದು ಸರ್ವಮಂಗಳಾ ನೆನೆಯುತ್ತಾರೆ. "ಅಳ್ಳಿ ಅನ್ಬೇಡ ಅವ್ವ, ಅಳ್ಳಿ ಅನ್ನು ಅನ್ನೋನು. ನಾನೂ ಅದ್ನೇ ತಾನೆ ಅಂದದ್ದು ಅಂತಿದ್ದೆ. ಆಮೇಲಾಮೇಲೆ ನನ್ ತಾವ ಮಾತೇ ಕಮ್ಮಿ ಮಾಡ್ಬುಟ್ಟ."

ಕಳೆದ ಜುಲೈನಲ್ಲಿ ಅಮೃತೇಶ್ ನರಸೀಪುರದ ಗಾಡಿಗೆ ಬಂದು ಎರಡು ವಾರವಾಗಿತ್ತು. ಆ ಕಡೆಯ ಊರುಗಳು ಇನ್ನೂ ಗೊತ್ತಿರಲಿಲ್ಲ. ತಮಾಷೆಗೆ ಫೋನ್ ಮಾಡುವವರ ಕಾಟ ಬೇರೆ. ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು. ಮರಿಸ್ವಾಮಿ ಟೀ ಕುಡಿಯಲು ಹೋಗಿದ್ದರು. ಮುದುಕಿಯ ದನಿ, ಕಾಯಿನ್ ಫೋನಿನ ಗರಗರ.

"ಸಾ, ಎಮ್ಮಿಗೆ... ಎರಿಗೆ ನೋವು ಸಾ, ತಡಿನಾರ್ದು. ಗಾಡಿ ಕಳ್ಸಿ."

ಅಮೃತೇಶ್ ಅವರಿಗೆ ಕೇಳಿಸಿದ್ದು ಎಮ್ಮೆಗೆ ಹೆರಿಗೆ ನೋವು ಎಂದು. ನಗು ಬಂತು. "ಅಜ್ಜಿ, ಇದು ಮನುಷ್ಯರ ಗಾಡಿ. ನಿಮಗೆ ಬೇಕಾಗಿರೋದು ದನದ ಆಸ್ಪತ್ರೆ" ಎಂದು ನಗುತ್ತಲೇ ಫೋನ್ ಇಟ್ಟರು.

ಮೂವತ್ತೈದು ನಿಮಿಷದ ನಂತರ ಮತ್ತೆ ಫೋನ್. ಈ ಸಲ ಒಬ್ಬ ಶಾಲಾ ಮೇಷ್ಟ್ರು. "ಹೆಮ್ಮಿಗೆಯಿಂದ ಮಾತಾಡ್ತಿದ್ದೀನಿ. ಹೆರಿಗೆ ನೋವು, ಹುಡುಗಿಗೆ ಮೊದಲನೇದು, ಬಹಳ ಕಷ್ಟವಾಗ್ತಿದೆ."

"ಆ ಹಕಾರ ಕಿವಿಗೆ ಬಿದ್ದ ತಕ್ಷಣ ಗೊತ್ತಾಯ್ತು" ಎನ್ನುತ್ತಾರೆ ಅಮೃತೇಶ್. "ಗಾಡಿ ಹತ್ತಿ ಮರಿಸ್ವಾಮಣ್ಣಂಗೆ ಹೇಳ್ದೆ. ಅವರು ಏನಂದ್ರು ಗೊತ್ತಾ? ಎಮ್ಮೆ ಕರ ಆಕ್ತದೆ ಕಣ್ಲಾ, ಎರಿಗೆ ಅನ್ನೋದು ಎಂಗಸ್ರಿಗೆ ಅಂದ್ರು. ನಮ್ಮನೇಲಿ ಎರಡು ಎಮ್ಮೆ ಇವೆ ಸಾರ್. ನಮ್ಮವ್ವ ಯಾವತ್ತೂ ಎಮ್ಮೆಗೆ ಹೆರಿಗೆ ಅಂದಿಲ್ಲ. ಅಷ್ಟೂ ಹೊಳೀಲಿಲ್ಲ ನಂಗೆ."

ಹುಡುಗಿಯ ಹೆಸರು ಪುಟ್ಟಲಕ್ಷ್ಮಿ. ಗಂಡ ಮಹದೇವ ಬಾಳೆಗೊನೆಯ ಲೋಡಿನ ಜೊತೆ ಮೈಸೂರಿಗೆ ಹೋಗಿದ್ದ. ಫೋನ್ ಮಾಡಿದ್ದವರು ಅತ್ತೆ ರಾಮಮ್ಮ. ಮೈಸೂರಿನ ದಾರಿಯಲ್ಲಿ, ಹೊಂಗೆ ಮರಗಳ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ, ಹೆಣ್ಣುಮಗು ಹುಟ್ಟಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಅಳಲಿಲ್ಲ. ಅಮೃತೇಶ್ ಬಳ್ಳಿ ಬಿಡಿಸಿ, ಮೂಗು ಬಾಯಿ ಶುಚಿಮಾಡಿ, ಒರೆಸಿ, ಅಂಗೈಯಗಲದ ಮಾಸ್ಕ್ ಇಟ್ಟು ಗಾಳಿ ಒತ್ತಿದರು. ಅದು ಅವರ ಕೈಯಲ್ಲಿ ನಡೆದ ಮೊದಲ ಹೆರಿಗೆ. ಎರಡು ನಿಮಿಷ ದಾಟಿದ ಮೇಲೆ ಮಗು ಬೆಕ್ಕಿನ ಮರಿಯಂತೆ ಒಂದು ಸದ್ದು ಮಾಡಿತು. ಹನ್ನೊಂದು ದಿನ ಮೈಸೂರಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಮನೆಯವರು ಮಗುವಿಗೆ ಅಮೃತ ಎಂದು ಹೆಸರಿಟ್ಟರು.

ಮೊದಲ ಕರೆಯ ವಿಷಯವನ್ನು ಅಮೃತೇಶ್ ಮುಚ್ಚಿಡಲಿಲ್ಲ. ಅಂದೇ ಮಧ್ಯಾಹ್ನ ತರಬೇತಿ ನೋಡಿಕೊಳ್ಳುವ ನರ್ಸ್ ರುದ್ರಾಣಿಯವರ ಮುಂದೆ ನಿಂತು ಹೇಳಿದರು. ಅವರು ಒಂದು ತಿಂಗಳು ಫೋನ್ ಮುಟ್ಟಗೊಡಲಿಲ್ಲ. ಎರಡೂ ತಾಲ್ಲೂಕಿನ ಊರುಗಳನ್ನು ಜನ ಆಡುವ ಹಾಗೆ ಕಲಿತು ಬಾ ಎಂದರು. ನೋಟ್‌ಬುಕ್ ಶುರುವಾದದ್ದು ಹಾಗೆ. "ಆ ಮನೆಯವರಿಗೂ ಹೇಳಿಬಿಡು" ಎಂದೂ ಅಂದಿದ್ದರು. ಹೇಳುತ್ತೇನೆ ಎಂದಿದ್ದರು ಅಮೃತೇಶ್.

ಹೇಳಲೆಂದೇ ಇಪ್ಪತ್ತನೆಯ ದಿನ ಹೆಮ್ಮಿಗೆಗೆ ಹೋದರು. ಜಗಲಿಯಲ್ಲಿ ಪುಟ್ಟಲಕ್ಷ್ಮಿಯ ತವರಿನವರು ಕೂತಿದ್ದರು. ಅಮೃತೇಶ್ ಅವರ ಮುಂದೆಯೇ ಅವಳ ಅಣ್ಣ ಹೇಳಿದ: "ಸೊಸೆ ನೋವು ತಿಂತಾ ಬಿದ್ದಿದ್ರೆ ದನಿನ ಆಸ್ಪತ್ರೆಗೆ ಫೋನ್ ಮಾಡಿದ ಅತ್ತೆ ಇವ್ರು." ಎಲ್ಲರೂ ನಕ್ಕರು. ರಾಮಮ್ಮನೂ ನಕ್ಕರು. ಅಮೃತೇಶ್ ಅವರಿಗೆ ಅಲ್ಲಿಯವರೆಗೆ ಇದು ಗೊತ್ತಿರಲಿಲ್ಲ. ಆ ಗರಗರದ ನಡುವೆ ರಾಮಮ್ಮನ ಕಿವಿಗೆ ಬಿದ್ದದ್ದು "ದನದ ಆಸ್ಪತ್ರೆ" ಎಂಬ ಕೊನೆಯ ಮಾತು ಮಾತ್ರ. ಅಂಕಿ ಸರಿಯಾಗಿ ಓದಲು ಬಾರದ ತಾನು ತಪ್ಪು ನಂಬರ್ ಒತ್ತಿದೆ, ಅದು ದನದ ಆಸ್ಪತ್ರೆಗೆ ಹೋಯಿತು ಎಂದೇ ಅವರು ನಂಬಿದ್ದರು. ಇನ್ನೊಮ್ಮೆ ಒತ್ತಲು ಧೈರ್ಯ ಸಾಲದೆ ಮೇಷ್ಟ್ರನ್ನು ಎಬ್ಬಿಸಲು ಓಡಿದ್ದರು.

ಅಷ್ಟು ಜನರ ಮುಂದೆ ಅಮೃತೇಶ್ ಬಾಯಿ ಬಿಡಲಿಲ್ಲ. ಆಮೇಲೆ ಆರು ಸಲ ಹೋಗಿದ್ದಾರೆ. ಪ್ರತಿ ಸಲವೂ ಮಗುವನ್ನು ನೋಡುತ್ತಾರೆ, ತೂಕ ಕೇಳುತ್ತಾರೆ, ಮಜ್ಜಿಗೆ ಕುಡಿದು ಬರುತ್ತಾರೆ. ಮಗುವಿಗೆ ಈಗ ಎಂಟು ತಿಂಗಳು. ನಾಲ್ಕು ತಿಂಗಳಿಗೆ ನಿಲ್ಲಬೇಕಾದ ಕತ್ತು ಈಗಷ್ಟೇ ನಿಲ್ಲಲು ನೋಡುತ್ತಿದೆ. ಆ ಮೂವತ್ತೈದು ನಿಮಿಷ ಉಳಿದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಅವರು ಮೈಸೂರಿನ ಡಾಕ್ಟರರನ್ನು ಕೇಳಿದ್ದಾರೆ. ಬಳ್ಳಿ ಯಾವಾಗ ಬಿಗಿಯಿತು ಎಂದು ಯಾರೂ ಹೇಳಲಾರರು ಎಂದು ಉತ್ತರ ಬಂದಿದೆ. ಹೌದು ಎಂದಿದ್ದರೆ, ಇಲ್ಲ ಎಂದಿದ್ದರೆ, ಎರಡರಲ್ಲಿ ಯಾವುದನ್ನಾದರೂ ಹೊತ್ತುಕೊಳ್ಳಬಹುದಿತ್ತು.

ತವರಿನವರು ಮಾತ್ರ ತೀರ್ಮಾನಿಸಿಬಿಟ್ಟಿದ್ದಾರೆ. ಮಗುವಿನ ಕತ್ತು ಹೀಗಾಗಿರುವುದು ರಾಮಮ್ಮನ ಬೆರಳಿನಿಂದ.

ಈ ಬರಹಕ್ಕೆಂದು ಮಾತಿಗೆ ಕೂತಾಗ ಅಮೃತೇಶ್ ಎಲ್ಲವನ್ನೂ ಹೇಳಿ, ಒಂದು ಷರತ್ತು ಹಾಕುತ್ತಾರೆ. "ಪೇಪರಿಗೆ ಬರೋದಕ್ಕೆ ಮುಂಚೆ ನಾನೇ ಹೋಗಿ ಹೇಳ್ತೀನಿ. ಅಲ್ಲಿವರೆಗೂ ಬರೀಬೇಡಿ." ಬಿಡುವಿನ ಒಂದು ಮಧ್ಯಾಹ್ನ ವರದಿಗಾರನನ್ನೂ ಕರೆದುಕೊಂಡು ಹೆಮ್ಮಿಗೆಗೆ ಹೊರಡುತ್ತಾರೆ.

ರಾಮಮ್ಮ ಜಗಲಿಯ ಮೇಲೆ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕತ್ತಿಗೆ ಹರಳೆಣ್ಣೆ ನೀವುತ್ತಿದ್ದಾರೆ. ಅರವತ್ತು ದಾಟಿದ, ತೆಳ್ಳಗಿನ, ಬಾಯಿತುಂಬ ಮಾತಾಡುವ ಹೆಂಗಸು. "ಬಾರಪ್ಪ ಡಾಕ್ಟ್ರೇ. ನಿನ್ ಎಸ್ರು ಇಟ್ಕಂಡೋಳು ನೋಡು, ಎಂಗೆ ದಿಮಾಕು ಮಾಡ್ತಾಳೆ." ಅಮೃತೇಶ್ ಮಗುವನ್ನು ಎತ್ತಿ ಕೂರಿಸಿ ಕೈ ಸಡಿಲಿಸುತ್ತಾರೆ. ಕತ್ತು ಅಲುಗುತ್ತದೆ, ವಾಲುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಮನಸ್ಸಿನಲ್ಲೇ ಎಣಿಸುತ್ತಿರುವುದು ತುಟಿಯಲ್ಲಿ ಕಾಣುತ್ತದೆ. ಹನ್ನೆರಡರವರೆಗೆ ನಿಲ್ಲುತ್ತದೆ.

"ಹೋದ ಸಲಕ್ಕಿಂತ ಜಾಸ್ತಿ" ಎನ್ನುತ್ತಾರೆ.

"ದಿನಾ ನೀವ್ತೀನಿ ಕಣಪ್ಪ. ನಾನ್ ಮಾಡಿದ್ ತಪ್ಪಿಗೆ ನಾನೇ ನೀವ್ಬೇಕಲ್ಲ."

"ಅಮ್ಮ, ಅವತ್ತು..." ಎಂದು ಅಮೃತೇಶ್ ಶುರುಮಾಡುತ್ತಾರೆ.

"ಅವತ್ತಿಂದು ಬುಡಪ್ಪ" ಎಂದು ರಾಮಮ್ಮ ಕೈ ಒರೆಸಿಕೊಳ್ಳುತ್ತಾರೆ. "ಒಂದ್ ಮಾತು ಏಳ್ತೀನಿ. ಆ ದನಿನ ಆಸ್ಪತ್ರೆಯೋನು ಯಾರೋ, ಒಳ್ಳೇ ಮಗ. ಒತ್ತಾರೆ ಒತ್ತಿನಲ್ಲಿ ಎಬ್ಸುದ್ನಲ್ಲ, ಬೈಲಿಲ್ಲ. ನಕ್ಕ ಅಷ್ಟೇ. ಇವ್ರೆಲ್ಲ ಬೈದ್ರು, ಅವ್ನು ಬೈಲಿಲ್ಲ."

ಅಮೃತೇಶ್ ಮಜ್ಜಿಗೆಯ ಲೋಟ ಎತ್ತುತ್ತಾರೆ. ಕುಡಿದು ಮುಗಿಸುವವರೆಗೆ ಕೆಳಗಿಡುವುದಿಲ್ಲ. ಕತ್ತಿನ ವ್ಯಾಯಾಮ ಇನ್ನೊಂದು ತೋರಿಸಿಕೊಟ್ಟು, ಬರುವ ತಿಂಗಳು ಮೈಸೂರಿಗೆ ಕರೆದುಕೊಂಡು ಹೋಗಬೇಕಾದ ತಾರೀಖು ನೆನಪಿಸಿ, ಎದ್ದು ಚಪ್ಪಲಿ ಮೆಟ್ಟುತ್ತಾರೆ.

ವಾಪಸ್ ನರಸೀಪುರದ ಬಸ್ಸು. ಸೇತುವೆ ದಾಟಿದ ಮೇಲೆ ಅವರೇ ಹೇಳುತ್ತಾರೆ: "ನೀವು ಬರೀರಿ ಸಾರ್. ನನ್ನ ಹೆಸರು, ಊರು, ಎಲ್ಲಾ ಹಾಕಿ. ಮೇ ತಿಂಗಳಿಗೆ ಕೋರ್ಸು ಮುಗೀತದೆ, ಕೆಲಸ ಕೊಡೋರು ಓದಿದ್ರೆ ಓದ್ಲಿ. ಮಹದೇವ ಟೀ ಅಂಗಡೀಲಿ ಪೇಪರ್ ನೋಡ್ತಾನೆ. ತವರಿನೋರಿಗೂ ಅವನೇ ಓದಿ ಹೇಳ್ತಾನೆ."

ಬಸ್ಸಿಳಿಯುವಾಗ, "ನನ್ ಬಾಯಿಂದ ಬರಬೇಕಿತ್ತು" ಎನ್ನುತ್ತಾರೆ.

ಎಂಟು ಸಲ ಹೋಗಿ ಅಮೃತೇಶ್ ಹೇಳದೆ ಬಂದದ್ದು ಇಷ್ಟು: ರಾಮಮ್ಮ, ನೀವು ಒತ್ತಿದ ನಂಬರ್ ಸರಿಯಾಗಿತ್ತು.