ತೊಳೆದ ಕಾಲಿನ ಕುರಿಗಳು

ನನ್ನ ನಾದಿನಿಗೆ ಹೆತ್ತವರು ಇಟ್ಟ ಹೆಸರು ಬೇರೆ, ಆದರೆ ಎಲ್ಲರ ಬಾಯಲ್ಲೂ ಅವಳು ಚೊಕ್ಕಮ್ಮ. ಕುರಿದೊಡ್ಡಿಯ ಕಂಬಗಳನ್ನೂ ಒದ್ದೆ ಬಟ್ಟೆಯಿಂದ ಒರೆಸುವ ಹೆಂಗಸು ಅವಳು. ಕುರಿಗಳು ಮೈ ತಿಕ್ಕಿ ಮತ್ತೆ ಕೊಳೆ ಮಾಡಿದರೆ, "ಮಾಡ್ಕೊಳ್ಳಿ, ನಾಳೆನೂ ನಾನಿರ್ತೀನಲ್ಲ" ಎಂದು ಅವುಗಳಿಗೇ ಹೇಳುತ್ತಾಳೆ. ನನ್ನ ಗಂಡ ತೀರಿಕೊಂಡಾಗ ಮಂದೆಯನ್ನು ಮಾರಿಬಿಡುವ ಮಾತು ಎದ್ದಿತ್ತು. ಇವಳು ಗಂಟುಮೂಟೆ ಕಟ್ಟಿಕೊಂಡು ಬಂದು, ಅಣ್ಣನ ಕುರಿ ನಾನು ನೋಡಿಕೊಳ್ಳುತ್ತೇನೆ, ಅತ್ತಿಗೆ ಉಣ್ಣೆ ನೂಲಲಿ ಎಂದಳು. ಅಂದಿನಿಂದ ನಾವಿಬ್ಬರೂ ಒಂದೇ ಒಲೆಯವರು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ತಗ್ಗಿನ ಹುಲ್ಲುಗಾವಲು ಕಾಲಿಟ್ಟರೆ ಪಚಪಚ ಎನ್ನುತ್ತಿತ್ತು. ಮೊದಲು ಒಂದು ಕುರಿ ಕುಂಟಿತು, ಆಮೇಲೆ ನಾಲ್ಕಾರು. ಕೆಲವು ಮುಂಗಾಲು ಮಡಚಿ ಮಂಡಿಯೂರಿಯೇ ಮೇಯತೊಡಗಿದವು. ಗೊರಸಿನ ಸಂದು ಕೆಂಪಗಾಗಿ ಕೊಳೆತ ವಾಸನೆ ಹೊಡೆಯುತ್ತಿತ್ತು.

ಪಕ್ಕದ ಮಂದೆಯ ಯಜಮಾನ ಬೇಲಿಯಾಚೆಯಿಂದಲೇ ನೋಡಿದ. "ಅಕ್ಕಾ, ನಿಮ್ಮ ಕುರಿ ನಡೆದ ದಾರೀಲಿ ನನ್ನ ಕುರಿ ನಡೆಸಲ್ಲ. ಕಸಾಯಿಯವನಿಗೆ ಹೇಳಿಕಳಿಸಿ, ಎಲ್ಲಾ ಒಂದೇ ಸಲಕ್ಕೆ ಹೋಗಲಿ" ಎಂದ. ಅವನ ಮಾತು ಒರಟಾದರೂ ಭಯ ಸುಳ್ಳಲ್ಲ. ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದು ನೋಡುವ ತನಕ ತಡೆದುಕೋ ಎಂದು ಚೊಕ್ಕಮ್ಮ ಬೇಡಿಕೊಂಡಳು. ಮಂದೆ ಹೋದರೆ ಅಣ್ಣನ ಹೆಸರೇ ಅಳಿಸಿಹೋದಂತೆ ಅವಳಿಗೆ.

ಡಾಕ್ಟರಮ್ಮ ಬರುವ ದಿನ ಬೆಳಿಗ್ಗೆ ಅವಳು ಒಂದೊಂದೇ ಕುರಿಯನ್ನು ಹಿಡಿದು, ಬಿಸಿನೀರು ಸೋಪು ಹಾಕಿ ಕಾಲು ತಿಕ್ಕಿದಳು. ಸಡಿಲಾಗಿ ಎದ್ದ ಗೊರಸನ್ನು ಚಾಕುವಿನಿಂದ ಕೆತ್ತಿದಳು. ಮೇಲೆ ಮೈಲುತುತ್ತದ ನೀರು ಹೊಯ್ದಳು. ಬಂದವರು ಮೂಗು ಮುಚ್ಚಿಕೊಳ್ಳಬಾರದು ಎನ್ನುವುದೊಂದೇ ಅವಳ ಯೋಚನೆ. ಡಾಕ್ಟರಮ್ಮ ಹತ್ತಿ ಸುತ್ತಿದ ಕಡ್ಡಿಯನ್ನು ಗೊರಸಿನ ಸಂದಿಯಲ್ಲಿ ಆಡಿಸಿ, ಸೀಸೆಗೆ ಹಾಕಿ ಲ್ಯಾಬಿಗೆ ಒಯ್ದರು. ರೋಗಾಣು ಕಾಣಲಿಲ್ಲ, ಬರೀ ತೇವದ ಹುಣ್ಣಿರಬಹುದು ಎಂದು ಫಲಿತಾಂಶ ಬಂತು. ನಾವು ಹಿಗ್ಗಿದೆವು. ಆದರೆ ವಾರ ಕಳೆಯುವಷ್ಟರಲ್ಲಿ ಇನ್ನಷ್ಟು ಕುರಿಗಳು ಕುಂಟಿದವು. ಯಜಮಾನ ದಾರಿಗೆ ಅಡ್ಡಲಾಗಿ ಮುಳ್ಳು ಹಾಕಿದ.

ಆಗ ಡಾಕ್ಟರಮ್ಮ ಯಾರೂ ಕರೆಯದೆ ಮತ್ತೆ ಬಂದರು. ಫಲಿತಾಂಶ ಒಂದು ಹೇಳುತ್ತದೆ, ಮಂಡಿಯೂರಿ ಮೇಯುವ ಕುರಿ ಇನ್ನೊಂದು ಹೇಳುತ್ತದೆ, ನನಗೆ ಸಮಾಧಾನವಾಗಲಿಲ್ಲ ಎಂದರು. ಒಂದು ಕಾಲನ್ನು ಎತ್ತಿ ಹಿಡಿದು, ಇದನ್ನು ಇಷ್ಟು ನುಣ್ಣಗೆ ತೊಳೆದವರು ಯಾರು ಎಂದು ಕೇಳಿದರು.

"ನಾನೇ ತಾಯಿ. ಕುಂಟೋ ಕಾಲನ್ನ ದಿನಾ ತೊಳೀತೀನಿ, ನೀವು ಹೋದ ಸಲ ಬಂದಾಗಲೂ ತೊಳೆದಿದ್ದೆ. ಹೊಲಸು ಕಾಲನ್ನ ನಿಮ್ಮ ಕೈಗೆ ಹೆಂಗೆ ಕೊಡೋದು?"

ಡಾಕ್ಟರಮ್ಮ ದೊಡ್ಡಿಯ ಕಟ್ಟೆಯ ಮೇಲೆ ಕುಳಿತೇಬಿಟ್ಟರು. "ಅಯ್ಯೋ ಚೊಕ್ಕಮ್ಮ, ನನಗೆ ಬೇಕಾಗಿದ್ದೇ ಆ ಹೊಲಸು. ಕಳ್ಳನ್ನ ಹಿಡಿಯೋಕೆ ನಾನು ಬಂದ್ರೆ, ನೀವು ಅವನ ಹೆಜ್ಜೆ ಗುರುತನ್ನೆಲ್ಲ ಗುಡಿಸಿ ಇಟ್ಟಿದ್ದೀರಲ್ಲ."

ನಾದಿನಿಯ ಮುಖ ಸಣ್ಣಗಾಯಿತು. ಡಾಕ್ಟರಮ್ಮ ಗದರಲಿಲ್ಲ, ಪಕ್ಕ ಕೂರಿಸಿಕೊಂಡು ತಿಳಿಸಿ ಹೇಳಿದರು. ಇದರಲ್ಲಿ ಇಬ್ಬರು ಕಳ್ಳರಂತೆ. ಒಂದು ರೋಗಾಣು ಸಗಣಿ ಮಣ್ಣಿನಲ್ಲಿ ಎಲ್ಲೆಲ್ಲೂ ಇರುತ್ತದೆ. ತೇವದಲ್ಲಿ ನೆನೆದು ಮೆತ್ತಗಾದ ಚರ್ಮದೊಳಗೆ ಅದು ಮೊದಲು ನುಗ್ಗಿ ಬಾಗಿಲು ತೆಗೆಯುತ್ತದೆ. ಅದೊಂದೇ ಇದ್ದರೆ ಹುಣ್ಣಾಗಿ ಮಾಯುತ್ತದೆ. ಎರಡನೆಯದು ಗೊರಸನ್ನೇ ಕರಗಿಸಿ ತಿನ್ನುತ್ತದೆ. ಅದಕ್ಕೆ ಗಾಳಿ ಆಗದು, ಗೊರಸಿನ ಅಡಿಯ ಕತ್ತಲಲ್ಲೇ ಅಡಗಿರುತ್ತದೆ. ಒಂದೇ ಚಾಕುವಿನಿಂದ ಕೆತ್ತುತ್ತಾ ಹೋದರೆ ಒಂದರ ಕಾಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ಕಾಲು ಬಿಟ್ಟು ನೆಲಕ್ಕೆ ಬಿದ್ದರೆ ಮಾತ್ರ ಎರಡು ವಾರವೂ ಬದುಕುವುದು ಕಷ್ಟ.

ಹೊಸದಾಗಿ ಕುಂಟಿದ, ಇನ್ನೂ ತೊಳೆಯದ ಕುರಿಯ ಕಾಲಿನಿಂದ ಈ ಸಲ ಮಾದರಿ ತೆಗೆದರು. ಬಾಗಿಲ ಬಳಿ ಬಿಂದಿಗೆ ಹಿಡಿದು ನಿಂತಿದ್ದ ಚೊಕ್ಕಮ್ಮನ ಕೈಯಿಂದ ನಾನು ಬಿಂದಿಗೆ ಕಿತ್ತುಕೊಂಡೆ. ಮಾರನೆಯ ದಿನ ಅವಳನ್ನು ಲ್ಯಾಬಿಗೇ ಕರೆಸಿ, ಬಣ್ಣ ಹಾಕಿದ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಅವಳು ಬಂದು ಹೇಳಿದಳು, "ಅತ್ತಿಗೆ, ಎರಡೂ ತುದಿ ದಪ್ಪಗಿರೋ ಪುಟ್ಟಪುಟ್ಟ ಕಡ್ಡಿಗಳು. ಇಷ್ಟು ದಿನ ಕಾಣದ್ದಕ್ಕೆ ಹೆದರ್ತಿದ್ದೆ, ಇವತ್ತು ಮುಖ ನೋಡಿದೆ."

ಗಾಳಿಯಿಲ್ಲದ ಡಬ್ಬಿಯಲ್ಲಿ ಬೆಳೆಸಿ ನೋಡಿದಾಗಲೂ ಗೊರಸು ತಿನ್ನುವ ಆ ಎರಡನೆಯ ಕಳ್ಳನೇ ಎಂದು ಖಚಿತವಾಯಿತು. ಕುಂಟುವವನ್ನು ಬೇರೆ ಒಣ ಕಟ್ಟೆಗೆ ಸೇರಿಸಿ ಇಂಜೆಕ್ಷನ್ ಕೊಟ್ಟರು. ಎಲ್ಲವನ್ನೂ ಸತುವಿನ ಉಪ್ಪು ಕರಗಿಸಿದ ನೀರಿನಲ್ಲಿ ನಿಲ್ಲಿಸಿದೆವು. ತಗ್ಗಿನ ಹುಲ್ಲುಗಾವಲನ್ನು ಖಾಲಿ ಬಿಟ್ಟೆವು. ಚಾಕು ಮುಟ್ಟುವಂತಿಲ್ಲ ಎಂದು ಡಾಕ್ಟರಮ್ಮ ಆಣೆ ಹಾಕಿಸಿಕೊಂಡರು. ತೊಳೆಯಲು ಕೈ ತುರಿಸಿದಾಗ ಚೊಕ್ಕಮ್ಮ ನಮ್ಮ ಪಾತ್ರೆಗಳನ್ನೇ ಮೂರು ಮೂರು ಸಲ ತಿಕ್ಕಿದಳು.

ಎಷ್ಟು ಮಾಡಿದರೂ ವಾಸಿಯಾಗದವು ಕೆಲವು ಉಳಿದವು. ಬಾಟಲಿ ಹಾಲು ಕುಡಿಸಿ ಅವಳೇ ಸಾಕಿದ ಕುರಿಯೂ ಅದರಲ್ಲಿತ್ತು. ಅದು ಮಂದೆಯಲ್ಲಿ ಉಳಿದರೆ ರೋಗವೂ ಉಳಿಯುತ್ತದೆ ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಅವಳು ಅದರ ಹಗ್ಗವನ್ನು ಕಸಾಯಿಯವನ ಕೈಗೆ ತಾನೇ ಕೊಟ್ಟು, ದೊಡ್ಡಿಯ ಹಿಂದೆ ಹೋಗಿ ಅತ್ತು ಬಂದಳು.

ಮಿಕ್ಕ ಮಂದೆ ನಮಗೆ ಉಳಿಯಿತು. ನೆಲ ಒಣಗಿದ ಮೇಲೆ ಕುರಿಗಳನ್ನು ತಗ್ಗಿಗೆ ಇಳಿಸಿದ ದಿನ, ಪಕ್ಕದ ಯಜಮಾನ ಮುಳ್ಳನ್ನು ಎಳೆದು ಬದಿಗೆ ಹಾಕುತ್ತಿದ್ದ. ನಾನು ಜಗಲಿಯಲ್ಲಿ ನೂಲುತ್ತಾ ನೋಡುತ್ತಿದ್ದೆ. ಮೊದಲ ಸಲವೇ ರೋಗಾಣು ಇಲ್ಲ ಎಂದು ಬರೆದು ಕೊಟ್ಟ ಮೇಲೆ ಆ ಡಾಕ್ಟರಮ್ಮ ತಮ್ಮ ಪಾಡಿಗೆ ತಾವು ಇರಬಹುದಿತ್ತು. ಅವರು ತಿರುಗಿ ಬಂದರು. ಅವರ ಹೊಟ್ಟೆ ತಣ್ಣಗಿರಲಿ. ಗುಡ್ಡದ ಇಳಿಜಾರಿನಲ್ಲಿ ನನ್ನ ನಾದಿನಿ ಮುಂದೆ ನಡೆಯುತ್ತಿದ್ದಳು. ಹಿಂದೆ ಕುರಿಗಳು ನಾಲ್ಕೂ ಕಾಲೂರಿ ಇಳಿಯುತ್ತಿದ್ದವು.