ಬೀಫಾತಿಮ್ಮನ ಸ್ವಿಚ್ಚು

ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಬೋಟು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ಯತಿನ್, ಕೊನೆಗೆ ಏಣಿ ಹತ್ತಿ ವಯರ್‌ಮ್ಯಾನ್ ಆದ. ಕೊಡಿಯಾಲ್‌ಬೈಲಿನ ಅರ್ಧ ಮನೆಗಳ ಗೋಡೆಯೊಳಗೆ ಯಾವ ತಂತಿ ಎಲ್ಲಿ ತಿರುಗುತ್ತದೆ ಎಂಬುದು ತನಗೆ ಬಾಯಿಪಾಠ ಎಂದು ಹೇಳಿಕೊಳ್ಳುತ್ತಿದ್ದ. ಈ ಜಂಬವೇ ಅವನ ನಿದ್ದೆ ಕೆಡಿಸಿತು.

ಬೀಫಾತಿಮ್ಮನ ಮೊಮ್ಮಗಳು ಶೈಮಾ ಹಿಂದಿನ ಕೋಣೆಯಲ್ಲಿ ಕೂತು ದುಬೈಯಲ್ಲಿರುವ ನಮ್ಮೂರ ಮಕ್ಕಳಿಗೆ ಆನ್‌ಲೈನ್ ಗಣಿತ ಕಲಿಸುತ್ತಾಳೆ. ವೈಫೈ ಪೆಟ್ಟಿಗೆ ಇರುವುದು ಚಾವಡಿಯಲ್ಲಿ. ನಡುವೆ ಮೂರು ಕೆಂಪುಕಲ್ಲಿನ ಗೋಡೆ. ಯತಿನ್ ಎರಡು ಅಡಾಪ್ಟರ್ ತಂದು ಒಂದನ್ನು ಚಾವಡಿಯ ಪ್ಲಗ್ಗಿಗೆ, ಇನ್ನೊಂದನ್ನು ಅವಳ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿದ.

"ಕರೆಂಟ್ ಹೋಗುವ ವಯರಿನಲ್ಲೇ ಇಂಟರ್ನೆಟ್ಟೂ ಹೋಗ್ತದೆ. ಗೋಡೆ ಕೊರೆಯುವ ರಗಳೆಯೇ ಇಲ್ಲ" ಎಂದ. ಅಡಾಪ್ಟರಿನ ಹಸಿರು ದೀಪ ಹೊತ್ತಿತು.

ಆದರೆ ದಿನಾ ಸಂಜೆ ನಾಲ್ಕಕ್ಕೆ, ಪಾಠ ಶುರುವಾದದ್ದೇ ತಡ, ದೀಪ ಆರಿ ಇಂಟರ್ನೆಟ್ ಹೋಗುತ್ತಿತ್ತು. "ಯತಿನಣ್ಣ, ಇನ್ನೊಂದು ಕ್ಲಾಸ್ ತಪ್ಪಿದ್ರೆ ನನ್ನನ್ನು ತೆಗೀತಾರಂತೆ" ಎಂದು ಶೈಮಾ ಫೋನಿನಲ್ಲಿ ಅಳುದನಿಯಲ್ಲಿ ಹೇಳಿದಳು.

ಮರುದಿನ ಯತಿನ್ ಮೂರೂವರೆಗೇ ಬಂದು ಅವಳ ಕೋಣೆಯ ಹೊರಗೆ ಕೂತ. ಬೀಫಾತಿಮ್ಮ ಚಹಾ ಕೊಟ್ಟರು. ನಾಲ್ಕಾಯಿತು. ಕೋಣೆಯ ಫ್ಯಾನು ನಿಧಾನವಾಯಿತು. ಅಜ್ಜಿ ಸೊಂಟ ಹಿಡಿದುಕೊಂಡು ಎದ್ದು, ಪರದೆ ಸರಿಸಿ, ಅದರ ಹಿಂದಿದ್ದ ಸ್ವಿಚ್ಚೊಂದನ್ನು ಟಕ್ಕನೆ ತಿರುಗಿಸಿದರು. ಫ್ಯಾನು ಜೋರಾಯಿತು. ಒಳಗೆ ಶೈಮಾ "ಹಲೋ? ಹಲೋ?" ಎನ್ನತೊಡಗಿದಳು.

"ಉಮ್ಮ, ಎಂತ ಮಾಡಿದ್ದು ಅದು?" ಎಂದು ಯತಿನ್ ಅಜ್ಜಿಯನ್ನು ಕೇಳಿದ.

"ನೀನೇ ಹಾಕಿ ಕೊಟ್ಟದ್ದಲ್ವಾ ಮಾರಾಯ! ವೋಲ್ಟೇಜ್ ಇಳಿದ್ರೆ ಬೇರೆ ಫೇಸಿಗೆ ತಿರುಗಿಸಿ ಅಂದಿದ್ದಿ. ಹುಡುಗಿ ಸೆಕೆಯಲ್ಲಿ ಬೇಯುವುದು ಬೇಡಾಂತ ತಿರುಗಿಸ್ತೇನೆ, ಪಾಠ ಮುಗಿದ ಮೇಲೆ ವಾಪಸ್ ಹಾಕ್ತೇನೆ."

ಹನ್ನೆರಡು ವರ್ಷದ ಹಿಂದೆ ತಾನೇ ಹಾಕಿದ ಸ್ವಿಚ್ಚು ಯತಿನ್‌ಗೆ ಮರೆತೇ ಹೋಗಿತ್ತು. ಅದನ್ನು ತಿರುಗಿಸಿದೊಡನೆ ಹಿಂದಿನ ಕೋಣೆ ಬೇರೆ ಫೇಸಿಗೆ, ಅಂದರೆ ಕಂಬದಿಂದ ಬರುವ ಇನ್ನೊಂದು ಲೈನಿಗೆ, ಹೋಗುತ್ತಿತ್ತು. ಚಾವಡಿ ಹಳೆಯದರಲ್ಲೇ ಉಳಿದು, ಎರಡು ಅಡಾಪ್ಟರುಗಳ ನಡುವೆ ಒಂದೇ ವಯರ್ ಇಲ್ಲದಾಗಿ ಸಿಗ್ನಲ್ ಕಡಿದುಹೋಗುತ್ತಿತ್ತು. ಅವನು ಓಡಿಹೋಗಿ ಸ್ವಿಚ್ಚನ್ನು ಹಿಂದಕ್ಕೆ ತಿರುಗಿಸಿದ, ವಿಷಯ ಬಿಡಿಸಿ ಹೇಳಿದ. ಅಜ್ಜಿಯ ಮುಖ ಬಾಡಿತು.

"ಹಾಗಾದ್ರೆ ಅವಳ ಪಾಠ ನಿಲ್ಲಿಸಿದ್ದು ನಾನಾ?"

"ನೀವಲ್ಲ ಉಮ್ಮ. ಹೇಳಿಕೊಟ್ಟದ್ದೂ ನಾನು, ಮರೆತದ್ದೂ ನಾನು."

ಆ ದಿನದ ಪಾಠ ಸೆಕೆಯಲ್ಲೇ ಮುಗಿಯಿತು. ಆಮೇಲೆ ಅವನು ಎರಡೂ ಪ್ಲಗ್ಗುಗಳನ್ನು ಒಂದೇ ಫೇಸಿಗೆ ನೇರವಾಗಿ ಕೊಟ್ಟ. ಫ್ಯಾನನ್ನು ಮಾತ್ರ ಅಜ್ಜಿಯ ಸ್ವಿಚ್ಚಿಗೇ ಬಿಟ್ಟ.

ಮಾರನೆಯ ದಿನ ನಾಲ್ಕಕ್ಕೆ ಫ್ಯಾನು ಮತ್ತೆ ಸೋತಿತು. ಬೀಫಾತಿಮ್ಮ ಪರದೆಯವರೆಗೆ ಬಂದು ನಿಂತರು, ಕೈ ಮೇಲೇಳಲಿಲ್ಲ.

"ತಿರುಗಿಸಿ ಉಮ್ಮ" ಎಂದ ಯತಿನ್.

ಕಣ್ಣು ಮುಚ್ಚಿಕೊಂಡು ತಿರುಗಿಸಿದರು. ಫ್ಯಾನು ಜೋರಾಗಿ ತಿರುಗಿತು. ಒಳಗೆ ಶೈಮಾ ಯಾವುದೋ ಮಗುವನ್ನು ಕೇಳುತ್ತಲೇ ಇದ್ದಳು: "ಏಳೆಂಟ್ಲ ಎಷ್ಟು?"

"ಐವತ್ತಾರು!" ಎಂದರು ಬೀಫಾತಿಮ್ಮ, ಹೊರಗಿನಿಂದಲೇ.