ಗಾಡಿ ಹೆಂಗೆ ಕೂಗ್ತು, ಕೂಗಿ ತೋರ್ಸಿ

ಬೆಳಗಿನ ಆರು ಗಂಟೆ. ಮಲಯಾಳ ಸೀಮೆಯ ಪನಮರಂ ಪೇಟೆಯ ಕೊನೆಯಲ್ಲಿ, ಹಲಸಿನ ಮರದ ಕೆಳಗಿನ ತಗಡಿನ ಶೆಡ್ಡಿನಲ್ಲಿ, ಬಿಳಿ ಮುಂಡು ಉಟ್ಟ ಗೌರವಸ್ಥರೊಬ್ಬರು ಎದೆ ಸೆಟೆಸಿ ನಿಂತು ಜೀಪಿನ ಹಾಗೆ ಕೂಗುತ್ತಿದ್ದಾರೆ.

"ಗುರ್‌ರ್... ಗುರ್‌ರ್... ಪುಕ್!"

ಎದುರಿಗೆ ಕಣ್ಣು ಮುಚ್ಚಿ ಕುಕ್ಕರಗಾಲಲ್ಲಿ ಕೂತವರು ಮೆಕ್ಯಾನಿಕ್ ಜವರಯ್ಯ. "ಕಡೇಲಿ ಪುಕ್ ಅಂತಾ? ಗ್ಯಾಪಕ ಮಾಡ್ಕಳಿ ಚೇಟ್ಟಾ. ಇನ್ನೊಂದ್ಸಲ ಕೂಗಿ."

ಕೂಗುತ್ತಿರುವ ಈ ಚೇಟ್ಟಾ, ಅಂದರೆ ಅಣ್ಣ, ದಾಮೋದರನ್. ತಿರುವಾಂಕೂರಿನಿಂದ ಬಂದು, ಇಲ್ಲಿಗೆ ಎರಡು ಮೈಲಿ ದೂರದ ಗುಡ್ಡದಲ್ಲಿ ಕಾಡು ಕಡಿದು ಮೆಣಸಿನ ಬಳ್ಳಿ ಹಬ್ಬಿಸಿದವರು. ಮಿಲಿಟರಿ ಹರಾಜಿನಲ್ಲಿ ಕೊಂಡ ಅವರ ಹಳೇ ಜೀಪು ಇವತ್ತು ಗುಡ್ಡದ ಮೇಲೆ ನಿಂತಲ್ಲೇ ಸ್ಟಾರ್ಟ್ ಆಗಲೊಲ್ಲದು. ಪಕ್ಕದಲ್ಲಿ ಮಗಳು ಕಾರ್ತ್ಯಾಯಿನಿ, ಕಂಕುಳಲ್ಲಿ ಸರ್ಟಿಫಿಕೇಟಿನ ಬಟ್ಟೆಚೀಲ. ಹತ್ತು ಗಂಟೆಗೆ ಮಾನಂತವಾಡಿಯಲ್ಲಿ ಅವಳಿಗೆ ಟೀಚರ್ ತರಬೇತಿಯ ಸಂದರ್ಶನ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ. ಮೊದಲ ಬಸ್ಸು ಬರುವುದೇ ಹತ್ತೂವರೆಗೆ.

ಜವರಯ್ಯ ಗುಂಡ್ಲುಪೇಟೆ ಕಡೆಯವರು. ಎರಡನೇ ಮಹಾಯುದ್ಧ ಮುಗಿದ ಮಾರನೇ ವರ್ಷ ಮರದ ಲಾರಿಯ ಕ್ಲೀನರಾಗಿ ಮುತ್ತಂಗದ ಕಾಡು ದಾಟಿ ಬಂದರು. ಬಂದು ಹದಿಮೂರು ವರ್ಷ. ಮೊದಲ ಚಳಿಗಾಲದಲ್ಲೇ ಮಲೇರಿಯಾ ಹಿಡಿಯಿತು. ಲಾರಿ ಅವರನ್ನು ಇಲ್ಲೇ ಇಳಿಸಿ ಹೊರಟುಹೋಯಿತು. "ಜವರಾಯ ಬಂದು ಬಾಗ್ಲು ತಟ್ಟಿ ಹೆಸ್ರು ಕೇಳ್ದ. ಜವರಯ್ಯ ಅಂದೆ. ಓಹೋ, ನಮ್ಮನೆಯೋನೇಯ ಅಂದ್ಕಂಡು ವಾಪಸ್ ಹೊಂಟೋದ ಕನ ಬುದ್ದಿ," ಎಂದು ನಗುತ್ತಾರೆ. ಆ ಜವರಾಯ ಜೀವ ಒಯ್ಯುವವನು. ಈ ಜವರಯ್ಯ, ಸತ್ತ ಎಂಜಿನ್ನಿಗೂ ಜೀವ ಕೊಡುವವರು.

ಸುತ್ತ ಹತ್ತು ಮೈಲಿಗೆ ಇರುವುದು ಹದಿನಾಲ್ಕು ಗಾಡಿ: ಒಂಬತ್ತು ಜೀಪು, ನಾಲ್ಕು ಲಾರಿ, ಸದಾ ಮುನಿಸಿಕೊಂಡಿರುವ ಒಂದು ಕಾರು. ಎಲ್ಲವೂ ಕೆಡುವುದು ಗುಡ್ಡದ ನೆತ್ತಿಯಲ್ಲೇ. ಗೋಣಿಚೀಲ ಹೆಗಲಿಗೇರಿಸಿ ದಿನಕ್ಕೆ ಏಳೆಂಟು ಮೈಲಿ ನಡೆಯುವ ಜವರಯ್ಯನವರಿಗೆ ಎಲ್ಲ ಸಾಮಾನು ಹೊರಲಾಗದು. ಹಾಗಾಗಿ ಹೊರಡುವ ಮೊದಲೇ ಕಾಯಿಲೆ ಯಾವುದೆಂದು ತಿಳಿಯಬೇಕು. ಅದಕ್ಕೇ ಈ ಕೂಗಾಟ.

ಮಾತಲ್ಲೇ ಹೇಳಿದರಾಗದೇ? ಅದನ್ನೂ ಒಮ್ಮೆ ಮಾಡಿ ಕೆಟ್ಟಿದ್ದಾರೆ. ಬಂದ ಹೊಸತರಲ್ಲಿ ನಾರಾಯಣನ್ ಎಂಬ ಲಾರಿ ಡ್ರೈವರ್ ಓಡಿಬಂದು "ಟ್ಯಾಂಕಿಲ್ ವೆಳ್ಳಂ!" ಎಂದು ಕೂಗಿದ. ಮಲಯಾಳದಲ್ಲಿ ವೆಳ್ಳಂ ಎಂದರೆ ನೀರು. ಗುಂಡ್ಲುಪೇಟೆಯ ಕಿವಿಗೆ ಕೇಳಿಸಿದ್ದು ಬೆಲ್ಲ.

"ಯಾರೋ ಹೊಟ್ಟೆಕಿಚ್ಗೆ ಬೆಲ್ಲ ಹಾಕವ್ರೆ ಅಂದ್ಕಂಡೆ. ಕರಗ್ಲಿ ಅಂತ ಎರಡು ಕೊಡ ಬಿಸಿನೀರು ಹುಯ್ದೆ!"

ನೀರು ಹೊಕ್ಕ ಟ್ಯಾಂಕಿಗೆ ನೀರಿನದೇ ಔಷಧಿ. ನಾರಾಯಣನ್ ಸ್ಪ್ಯಾನರು ಹಿಡಿದು ಅಟ್ಟಿಸಿಕೊಂಡು ಬಂದನಂತೆ. "ಆವತ್ತಿಂದ ಮಾತ ನಂಬಾಕಿಲ್ಲ. ಶಬ್ದಕ್ಕೆ ಕನ್ನಡ ಮಲಯಾಳ ಅಂತ ಇಲ್ಲ ನೋಡಿ."

ಇವತ್ತಿನ ತಕರಾರು ಆ ಕೊನೆಯ 'ಪುಕ್'ನದು. ಪುಕ್ ಅಂದರೆ ಕಿಡಿ ಬಂದಿದೆ, ಎಂಜಿನ್ನು ಒಮ್ಮೆ ಕೆಮ್ಮಿದೆ, ದೋಷ ಪೆಟ್ರೋಲಿನದು. ಟ್ಯಾಂಕು ಪೂರಾ ಬಸಿದು ಹೊಸ ಪೆಟ್ರೋಲು ತುಂಬಬೇಕು. ಪೆಟ್ರೋಲ್ ಅಂಗಡಿ ತೆಗೆಯುವುದು ಒಂಬತ್ತಕ್ಕೆ. ಅಲ್ಲಿಗೆ ಸಂದರ್ಶನದ ಆಸೆಯನ್ನೂ ಬಸಿದಂತೆಯೇ.

"ಅಚ್ಛಾ, ಅದು ಪುಕ್ ಅನ್ನಲೇ ಇಲ್ಲ," ಎಂದು ಅಪ್ಪನನ್ನು ತಡೆಯುತ್ತಾಳೆ ಕಾರ್ತ್ಯಾಯಿನಿ.

"ನೀನು ಸುಮ್ಮನಿರು ಮೋಳೆ," ಎಂದು ಮಗಳನ್ನು ಗದರುತ್ತಾರೆ ದಾಮೋದರನ್.

"ಇಲ್ಲ. ಹೀಗೆ." ಚೀಲ ಕೆಳಗಿಟ್ಟು ಅವಳು ಶುರುಮಾಡುತ್ತಾಳೆ: "ಗುರುಗುರುಗುರುಗುರು..." ಉಸಿರು ಮುಗಿಯುವ ತನಕ ಒಂದೇ ಸಮ. ಆಮೇಲೆ ಮೌನ.

ಜವರಯ್ಯ ಒಂದು ಕಣ್ಣು ತೆರೆಯುತ್ತಾರೆ. "ಅಷ್ಟೇಯಾ?"

"ಅಷ್ಟೇ ಮೇಸ್ತ್ರೀ. ಕೆಮ್ಮಿಲ್ಲ ಗಿಮ್ಮಿಲ್ಲ."

ಇಬ್ಬರೂ ದಾಮೋದರನ್ನರ ಕಡೆ ತಿರುಗುತ್ತಾರೆ. ಅವರು ಮುಂಡಿನ ಅಂಚು ಸರಿಪಡಿಸಿಕೊಳ್ಳುತ್ತಾರೆ. "ನಮ್ಮ ವಂಡಿ ಅಲ್ಲವಾ... ಒಂದು ಪುಕ್ಕಾದರೂ ಬೇಡವಾ?"

ಜೀಪಿನ ಮರ್ಯಾದೆಗೆಂದು ಸೇರಿಸಿದ ಕೆಮ್ಮು!

"ನಿಮ್ ಮರ್ವಾದೆ ಮಗೀನ ಕೆಲ್ಸ ಕಳೀತಿತ್ತಲ್ಲಾ ಚೇಟ್ಟಾ! ಪೆಟ್ರೋಲ್ ಬ್ಯಾಡ, ಕಿಡಿ ಹೋಗ್ಯದೆ. ನಡೀರಿ." ಎರಡು ಸ್ಪ್ಯಾನರು, ಒಂದು ಪ್ಲಗ್ಗು, ಒಣಬಟ್ಟೆ, ಅಷ್ಟೇ. ಚೀಲ ಹಗುರ, ನಡಿಗೆ ಬಿರುಸು.

ಗುಡ್ಡದ ಮೇಲೆ ಜೀಪು ಮದುಮಗನಂತೆ ಹೊಳೆಯುತ್ತಿದೆ. ಜವರಯ್ಯ ಪ್ಲಗ್ಗಿನ ವೈರು ಕಿತ್ತು ಎಂಜಿನ್ನಿನ ಮೈಗೆ ಸಮೀಪ ಹಿಡಿಯುತ್ತಾರೆ, ದಾಮೋದರನ್ ಸ್ಟಾರ್ಟರು ತುಳಿಯುತ್ತಾರೆ. ಗುರುಗುರುಗುರು. ಕಿಡಿಯೇ ಇಲ್ಲ. ಕಿಡಿಗೇಡಿ ಎಂಬ ಮಾತು ಹುಟ್ಟಿದ್ದೇ ಈ ಜೀಪಿಗಾಗಿ ಇರಬೇಕು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆಲ್ಲ ಹನಿ ಹನಿ.

"ಯಾರು ಇದ್ನ ತೊಳ್ದೋರು?"

ದಾಮೋದರನ್ ಆಕಾಶ ನೋಡುತ್ತಾರೆ. "ಮಗಳ ಸಂದರ್ಶನಕ್ಕೆ ಹೋಗುವ ವಂಡಿ ಅಲ್ಲವಾ... ನಿನ್ನೆ ಸಂಜೆ ಬಾನೆಟ್ ಎತ್ತಿ ಮೂರು ಕೊಡ..."

"ವೆಳ್ಳಂ!" ಜವರಯ್ಯ ತೊಡೆ ತಟ್ಟಿ ನಗುತ್ತಾರೆ. "ನಂದು ಎರಡು ಕೊಡ, ನಿಮ್ದು ಮೂರು. ನೀವೇ ಗೆದ್ರಿ ಬುಡಿ!"

ಮುಚ್ಚಳ ಒರೆಸಿ, ಅಡುಗೆಮನೆ ಒಲೆಯ ಬಿಸಿಬೂದಿಯ ಮೇಲೆ ಹಿಡಿದು ಹದವಾಗಿ ಒಣಗಿಸಿ, ಮತ್ತೆ ಕೂರಿಸುತ್ತಾರೆ. ಗುರುಗುರುಗುರು, ಢರ್‌ರ್‌ರ್! ಏಳೂಮುಕ್ಕಾಲಿಗೆ ಜೀಪು ಗುಡ್ಡ ಇಳಿಯುತ್ತದೆ. ಜವರಯ್ಯ ರಸ್ತೆಯಲ್ಲೇ ನಿಂತು, ಸದ್ದು ತಿರುವಿನಾಚೆ ಅಡಗುವ ತನಕ ಕೇಳುತ್ತಾರೆ.

ಸಂಜೆ ಐದಕ್ಕೆ ಅದೇ ಜೀಪು ಶೆಡ್ಡಿನ ಮುಂದೆ ನಿಲ್ಲುತ್ತದೆ. "ಏನಾಯ್ತವ್ವಾ?" ಎನ್ನುತ್ತಾರೆ ಜವರಯ್ಯ. ಕಾರ್ತ್ಯಾಯಿನಿ ಇಳಿದು ಬಂದು, "ಗುರುಗುರುಗುರುಗುರು..." ಎಂದು ಎಳೆಯುತ್ತಾಳೆ. ಜವರಯ್ಯ ಥಟ್ಟನೆ ಕಣ್ಣು ಮುಚ್ಚುತ್ತಾರೆ. ಅವಳು ನಿಲ್ಲಿಸುತ್ತಾಳೆ. ಬೇಕೆಂದೇ ಒಂದು ಗಳಿಗೆ ಕಾಯಿಸುತ್ತಾಳೆ.

"ಢರ್‌ರ್‌ರ್‌ರ್!"

"ಹಿಡ್ಕತ್ತು!" ಜವರಯ್ಯ ಕೂತಲ್ಲಿಂದ ಎದ್ದೇಬಿಡುತ್ತಾರೆ. "ಸೀಟು ಸಿಕ್ತು ಕನ್ರಪ್ಪಾ!"

ದಾಮೋದರನ್ ಬಾಳೆಲೆಯ ಪೊಟ್ಟಣ ಚಾಚುತ್ತಾರೆ. "ಮೇಸ್ತ್ರೀ, ಇದು ವೆಳ್ಳಂ ಅಲ್ಲ. ನಿಮ್ಮ ಬೆಲ್ಲ."

ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಜವರಯ್ಯ ಪೇಟೆಯ ಅಂಗಡಿ ಬೋರ್ಡುಗಳತ್ತ ನೋಡುತ್ತಾರೆ. ಹದಿಮೂರು ವರ್ಷವಾದರೂ ಈ ಪೇಟೆಯ ಒಂದು ಬೋರ್ಡನ್ನೂ ಓದಲು ಅವರಿಗೆ ಬಂದಿಲ್ಲ. ಆಮೇಲೆ ಹುಡುಗಿಯ ಕಡೆ ತಿರುಗುತ್ತಾರೆ.

"ಟೀಚರಾದ್ಮೇಲೆ ನಂಗೂ ವಸಿ ಪಾಠ ಹೇಳ್ಕೊಡವ್ವಾ. ವೆಳ್ಳಂ ಅಂತ ಬರೆಯಾದ್ ಕಲಿಸ್ಬುಡು, ಸಾಕು. ಬೆಲ್ಲ ನಂಗೆ ಬತ್ತದೆ."